ಹನ್ನೊಂದು ನಿಮಿಷದ ದಾರಿ

ನಮ್ಮೂರು ಕ್ರೋಹೋಪ್‌ನ ಕಲ್ಲಿದ್ದಲು ಗಣಿ ಮುಚ್ಚಿ ಐದು ವರ್ಷವಾದ ಮೇಲೆ ಜಿಲ್ಲಾ ಯೋಜನಾ ಕಚೇರಿಯವರು ಒಂದು ನಕ್ಷೆ ತಂದು ಪ್ರಾರ್ಥನಾಮಂದಿರದ ಬಾಗಿಲಿಗೆ ಅಂಟಿಸಿದರು. ಸಾವಿರದ ಒಂಬೈನೂರ ಅರವತ್ಮೂರರ ಮಾರ್ಚ್ ತಿಂಗಳು. ನಕ್ಷೆಯಲ್ಲಿ ಹಳ್ಳಿಗಳೆಲ್ಲ ಬಣ್ಣದ ಚುಕ್ಕೆಗಳಾಗಿದ್ದವು. ಹಸಿರು ಚುಕ್ಕೆಯ ಊರು ಬೆಳೆಯಬಹುದು. ಹಳದಿಯದು ಇದ್ದ ಹಾಗೆ ಇರಬಹುದು. ನಮ್ಮದು ಬೂದು. ಬೂದು ಬಣ್ಣದ ಅರ್ಥ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಇಲ್ಲಿಗೆ ಹೊಸ ಮನೆ, ಹೊಸ ಚರಂಡಿ, ಹೊಸ ಬೀದಿದೀಪ ಯಾವುದೂ ಮಂಜೂರಾಗುವುದಿಲ್ಲ; ನಿವಾಸಿಗಳನ್ನು ಹಂತಹಂತವಾಗಿ ಸ್ಥಳಾಂತರಿಸಿ, ಖಾಲಿಯಾದ ಮನೆಗಳನ್ನು ಕೆಡವಲಾಗುವುದು.

ನನ್ನ ಸೋದರತ್ತೆ ಹಿಲ್ಡಾ ಗೌಲಂಡ್ ಅದನ್ನು ಕನ್ನಡಕ ಏರಿಸಿ ಓದಿದಳು. ಕನ್ನಡಕ ತೆಗೆದು ಏಪ್ರನ್ನಿನ ತುದಿಯಲ್ಲಿ ಒರೆಸಿ, ಮತ್ತೆ ಏರಿಸಿ ಇನ್ನೊಮ್ಮೆ ಓದಿದಳು.

"ನೀವು ಸಾಯೋದನ್ನೇ ಕಾಯ್ತಿದೀವಿ ಅಂತ ಹೇಳೋಕೆ ಎಷ್ಟು ಬಣ್ಣ ದಂಡ ಮಾಡಿದಾರೆ ನೋಡು, ವಿನ್ನೀ," ಅಂದಳು ನನಗೆ.

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಆಗ ಇಂಥ ಚುಕ್ಕೆ ಬಿದ್ದ ಊರು ನಮ್ಮದೊಂದೇ ಆಗಿರಲಿಲ್ಲ. ಆದರೆ ನಾನು ಬರೆಯುತ್ತಿರುವುದು ಊರುಗಳ ಬಗ್ಗೆ ಅಲ್ಲ, ನನ್ನ ಅತ್ತೆಯ ಬಗ್ಗೆ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳು. ನಾನು ಪಟ್ಟಣದ ಕಾಲೇಜಿಗೆ ಸೇರಿ ರಜೆಗೆ ಬರುವವಳಾದ ಮೇಲೂ ಬಾಗಿಲಲ್ಲಿ ನನ್ನ ಬೂಟು ನೋಡಿಯೇ ಒಳಗೆ ಬಿಡುತ್ತಿದ್ದವಳು.

ಊರಲ್ಲಿ ಎರಡೇ ಸಾಲು ಮನೆಗಳು: ಮುಂದಿನ ಸಾಲು, ಹಿಂದಿನ ಸಾಲು. ಅವುಗಳ ತಲೆಯ ಮೇಲೆ ಗಣಿಯ ಕಸ ಸುರಿದು ಬೆಳೆದ ಕರಿಗುಡ್ಡ. ಮಳೆ ಬಂದ ಮಾರನೆಯ ದಿನ ಬಿಸಿಲು ಬಿದ್ದರೆ ಅದು ಹಸುವಿನ ಬೆನ್ನಿನಂತೆ ಆವಿಯಾಡುತ್ತಿತ್ತು. ಅತ್ತೆಯದು ಮುಂದಿನ ಸಾಲಿನ ಹದಿನಾಲ್ಕನೆಯ ಮನೆ. ಅವಳ ಗಂಡ ಮ್ಯಾಥ್ಯೂ ಯುದ್ಧ ಶುರುವಾದ ವರ್ಷ ಗಣಿಯೊಳಗೆ ಛಾವಣಿ ಕುಸಿದು ಸತ್ತ. ಅವನನ್ನು ಬರಿಗೈಯಲ್ಲಿ ಅಗೆದು ಹೊರಗೆ ತಂದವನು ಅವನ ಜೊತೆಗಾರ, ಹದಿನೈದನೆಯ ಮನೆಯ ರಾಲ್ಫ್ ಟೀಸ್‌ಡೇಲ್. ಆಮೇಲೆ ಅತ್ತೆ ಹತ್ತೊಂಬತ್ತು ವರ್ಷ ಗಣಿಯ ಕ್ಯಾಂಟೀನಿನಲ್ಲಿ ದುಡಿದಳು. ಊರಲ್ಲಿ ಯಾರೇ ಸತ್ತರೂ ಮೈ ತೊಳೆದು, ಬಟ್ಟೆ ಹಾಕಿ, ಕಣ್ಣು ಮುಚ್ಚುವವಳು ಅವಳೇ. ದೊಡ್ಡ ಹೆಂಗಸು. ಎಂಬತ್ತು ಕಿಲೋ ಮೀರಿದ ಗಂಡಸನ್ನು ಒಬ್ಬಳೇ ಮಗ್ಗುಲು ತಿರುಗಿಸುತ್ತಿದ್ದಳು.

ನಮ್ಮ ಸಾಲಿನಲ್ಲಿ ಎರಡೆರಡು ಮನೆಯ ಅಗ್ಗಿಷ್ಟಿಕೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ನಡುವೆ ಒಂದೇ ಇಟ್ಟಿಗೆ, ಎರಡೂ ಕಡೆ ಕಬ್ಬಿಣದ ಹಲಗೆ. ಬೆಂಕಿ ಕೆದಕುವ ಸಲಾಕೆಯಿಂದ ಆ ಹಲಗೆಗೆ ಹೊಡೆದರೆ ಪಕ್ಕದ ಮನೆಯೊಳಗೆ ಗಂಟೆ ಬಾರಿಸಿದಷ್ಟು ಸ್ಪಷ್ಟ. ಒಂದು ಏಟು ಅಂದರೆ ಚಹಾ ಇಳಿಸಿದ್ದೇನೆ. ಎರಡು ಅಂದರೆ ಬಿಡುವಾದಾಗ ಬಾ. ನಿಲ್ಲದೆ ಹೊಡೆದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಾ. ಮಕ್ಕಳು ಇದನ್ನು ನಡೆಯಲು ಕಲಿಯುವ ಹೊತ್ತಿಗೆ ಕಲಿತಿರುತ್ತಿದ್ದವು. ಯಾರೂ ಕೂತು ಹೇಳಿಕೊಟ್ಟದ್ದಲ್ಲ.

ಹದಿನಾಲ್ಕಕ್ಕೂ ಹದಿನೈದಕ್ಕೂ ಒಂದೇ ಬೆನ್ನು. ಗಣಿ ಮುಚ್ಚುವ ಮೊದಲೇ ರಾಲ್ಫನ ಎದೆಯಲ್ಲಿ ಧೂಳು ಕಲ್ಲುಗಟ್ಟಿತ್ತು. ತಿಂಗಳಿಗೆ ಒಂದು ಸಲವೋ ಎರಡು ಸಲವೋ ಉಸಿರು ಕಟ್ಟಿಕೊಂಡು ಕುರ್ಚಿಯಿಂದ ಜಾರಿಬಿಡುತ್ತಿದ್ದ. ಆಗ ಅವನನ್ನು ಎತ್ತಿ ನಿಲ್ಲಿಸಿ, ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಅಂಗೈಯಲ್ಲಿ ಬಡಿಯಬೇಕು. ಅವನ ಹೆಂಡತಿ ಎಡ್ನಾ ಗುಬ್ಬಿಯಂಥವಳು. ಹಿಡಿದುಕೊಳ್ಳಬಲ್ಲಳು, ಎತ್ತಲಾರಳು. ಸಲಾಕೆ ಸದ್ದಾದ ಕೂಡಲೇ ಅತ್ತೆ ಹಿತ್ತಿಲ ಬಾಗಿಲಿಂದ ನುಗ್ಗುತ್ತಿದ್ದಳು. ಅರ್ಧ ನಿಮಿಷವೂ ಬೇಡ. ನಾಲ್ಕು ನಿಮಿಷ ಮೀರಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಉಸಿರು ಮರಳಿದ ಮೇಲೆ ಅವರಿಬ್ಬರ ಮಾತು ಕೇಳಬೇಕಿತ್ತು.

"ಇನ್ನೂ ಇದ್ದೀಯೇನೋ ಮುದುಕಾ?"

"ಹೋಗೋಣ ಅಂತಲೇ ಇದ್ದೆ. ನಿನ್ನ ಕಂಕುಳ ವಾಸನೆಗೆ ಎಚ್ಚರ ಆಯ್ತು."

"ಇವತ್ತು ಸಾಯಬೇಡ ಕಣೋ. ಬ್ರೆಡ್ ಸುಡೋ ದಿನ, ನಿನ್ನ ತೊಳೆಯೋಕೆ ನಂಗೆ ಪುರುಸೊತ್ತಿಲ್ಲ."

ಎಡ್ನಾ ಒಲೆಯ ಹತ್ತಿರ ನಿಂತು ಅಳುತ್ತಲೂ ನಗುತ್ತಲೂ ಕೆಟಲಿಗೆ ನೀರು ತುಂಬುತ್ತಿದ್ದಳು.

ನಕ್ಷೆ ಬಂದ ಮರುವರ್ಷ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ಕಾರ್ವಿಲ್ ಅಂತ. ದಕ್ಷಿಣದವನು, ನಲವತ್ತರ ಆಸುಪಾಸು. ಒಳ್ಳೆಯವನು ಎಂದೇ ಹೇಳಬೇಕು, ಸಿಟ್ಟು ಬರುವುದು ಅದಕ್ಕೇ. ಟೋಪಿ ತೆಗೆದು ಒಳಗೆ ಬಂದ, ಅತ್ತೆ ಕೊಟ್ಟ ದಪ್ಪ ಬ್ರೆಡ್ಡನ್ನು ಪೂರ್ತಿ ತಿಂದ, ಕಾಗದಗಳನ್ನು ಮೇಜಿನ ಮೇಲೆ ಹರಡಿದ. ಮೊದಲ ಹಂತದಲ್ಲಿ ಮುಂದಿನ ಸಾಲು ಪೂರ್ತಿ ಒಟ್ಟಿಗೆ ಹಾಲ್‌ಗಾರ್ತ್ ಅನ್ನುವ ಹೊಸ ಊರಿಗೆ ಹೋಗಬೇಕು, ಎಲ್ಲರ ಸಹಿ ಬಿದ್ದ ಮೇಲೇ ಕೀಲಿಕೈ ಕೊಡುವುದು ಎಂದು ಹೇಳಿದ.

"ಅಲ್ಲಿ ಎಲ್ಲರಿಗೂ ಸ್ನಾನದ ಕೋಣೆ ಇರುತ್ತೆ, ಮಿಸೆಸ್ ಗೌಲಂಡ್. ಕಕ್ಕಸು ಮನೆಯೊಳಗೇ. ನಲ್ಲಿ ತಿರುಗಿಸಿದರೆ ಬಿಸಿನೀರು."

"ಸಂತೋಷ. ಗೋಡೆ?"

"ಗೋಡೆ ಅಂದರೆ?"

"ನನ್ನ ಗೋಡೆಯ ಆ ಕಡೆ ಯಾರಿರ್ತಾರೆ?"

"ಅಕ್ಕಪಕ್ಕದವರನ್ನ ಸಾಧ್ಯವಾದ ಮಟ್ಟಿಗೆ ಹತ್ತಿರದಲ್ಲೇ ಇಡಬೇಕು ಅನ್ನೋದು ನಮ್ಮ ನೀತಿ."

"ಸಾಧ್ಯವಾದ ಮಟ್ಟಿಗೆ ಅಂದ್ರೆ ಎಷ್ಟು ಗಜ?"

ಅವನು ಮುಗುಳ್ನಕ್ಕ. ಅತ್ತೆ ಎದ್ದು ಸಲಾಕೆ ತೆಗೆದುಕೊಂಡು ಹಲಗೆಗೆ ನಿಲ್ಲದೆ ಹೊಡೆದಳು. ಕಾರ್ವಿಲ್‌ನ ಕಪ್ಪು ತಟ್ಟೆಯಲ್ಲಿ ನಡುಗಿತು. ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡು ಎಡ್ನಾ ಓಡಿ ಬಂದಳು.

"ಯಾರಿಗೇನಾಯ್ತು?"

"ಯಾರಿಗೂ ಏನಿಲ್ಲ. ಇವರಿಗೆ ತೋರಿಸ್ತಿದ್ದೆ."

"ಥೂ! ಜೀವ ಬಾಯಿಗೆ ಬಂತು. ನಾನೇನು ಸರ್ಕಸ್ಸಿನ ಕೋತಿನೇನೇ?"

"ಎಷ್ಟು ಹೊತ್ತಾಯ್ತು ಸ್ವಾಮಿ, ನೋಡಿದ್ರಾ?" ಅಂದಳು ಅತ್ತೆ ಕಾರ್ವಿಲ್‌ಗೆ. "ಇವಳ ಗಂಡನ ಉಸಿರು ನಾಲ್ಕು ನಿಮಿಷ ಕಾಯತ್ತೆ. ಐದು ಕಾಯಲ್ಲ. ಅದನ್ನ ಬರ್ಕೊಳ್ಳಿ."

ಅವನು ಬರೆದುಕೊಂಡ. ಕ್ಯಾಂಟೀನಿನಲ್ಲಿ ಮೇಸ್ತ್ರಿಗಳ ಚೀಟಿಗಳನ್ನು ಕೌಂಟರಿನ ಈಚೆಯಿಂದ ಓದಿ ಅಭ್ಯಾಸವಿದ್ದ ಅತ್ತೆ ತಲೆಕೆಳಗಾದ ಅಕ್ಷರಗಳನ್ನೂ ಓದಬಲ್ಲವಳಾಗಿದ್ದಳು. ಅವನು ಬರೆದದ್ದು ಇಷ್ಟೇ: "ಅಗ್ಗಿಷ್ಟಿಕೆ ಬಡಿದು ಕರೆಯುವ ರೂಢಿ. ಸ್ವಾರಸ್ಯಕರ."

ಮನೆ ಹಂಚಿಕೆಯ ಪತ್ರಗಳು ಬೇಸಿಗೆಯಲ್ಲಿ ಬಂದವು. ಹಾಲ್‌ಗಾರ್ತ್‌ನ ಬೀದಿಗಳಿಗೆಲ್ಲ ಮರದ ಹೆಸರಿಟ್ಟಿದ್ದರು. ರಾಲ್ಫ್ ಮತ್ತು ಎಡ್ನಾಗೆ ಸೀಡರ್ ಬೀದಿಯಲ್ಲಿ ನೆಲಮಟ್ಟದ ಮನೆ, ಏಕೆಂದರೆ ರೋಗಿಗೆ ಮೆಟ್ಟಿಲು ಇರಬಾರದು. ಅತ್ತೆಗೆ ರೋವನ್ ಬೀದಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ, ಏಕೆಂದರೆ ಅವಳು ಒಂಟಿ ಹೆಂಗಸು. ಎರಡಕ್ಕೂ ಕಾರಣ ಇತ್ತು. ಅವರ ಕಾಗದಗಳಲ್ಲಿ ಕಾರಣ ಇಲ್ಲದ ಸಾಲೇ ಇರುತ್ತಿರಲಿಲ್ಲ.

ಅತ್ತೆ ಮ್ಯಾಥ್ಯೂನ ಗಡಿಯಾರ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದಳು. ನಾನೂ ಹೋದೆ. ಹಾಲ್‌ಗಾರ್ತ್‌ನಲ್ಲಿ ಇನ್ನೂ ಸಿಮೆಂಟಿನ ವಾಸನೆ. ಸೀಡರ್ ಬೀದಿಯಲ್ಲಿ ಒಂದು ಗಿಡವೂ ಇರಲಿಲ್ಲ, ರೋವನ್ ಬೀದಿಯಲ್ಲಿ ಒಂದು ಕಡ್ಡಿ ನೆಟ್ಟು ಸುತ್ತ ತಂತಿ ಕಟ್ಟಿದ್ದರು. ಅತ್ತೆ ಮಹಡಿಮನೆಯ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡು ನಡೆದಳು. ದೊಡ್ಡ ರಸ್ತೆ, ಅಂಗಡಿಗಳು, ಬೇಲಿ ಹಾಕಿದ ಹುಲ್ಲು, ಅದನ್ನು ಸುತ್ತಿ ಹೋಗಬೇಕು. ಹನ್ನೊಂದು ನಿಮಿಷ. ವಾಪಸ್ಸು ಬಂದು, ಸ್ಕರ್ಟು ಎತ್ತಿ ಹಿಡಿದು ಓಡಿದಳು. ಐವತ್ತೊಂಬತ್ತು ವರ್ಷದ ಹೆಂಗಸು ನಡುಹಗಲಲ್ಲಿ ಓಡುವುದನ್ನು ಇಟ್ಟಿಗೆ ಹೊರುವವರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬ ಸಿಳ್ಳೆ ಹಾಕಿದ. ಏಳು ನಿಮಿಷ. ಕೊನೆಗೆ ಅವಳಿಗೇ ಉಸಿರು ಸಿಗದೆ ಕಂಬ ಹಿಡಿದು ನಿಂತಳು.

ಅಲ್ಲಿಂದ ನೇರ ಕಚೇರಿಗೆ.

"ಎಡ್ನಾಳ ಪಕ್ಕದ ಮನೆ ಯಾರಿಗೆ?" ಅಂತ ಕೇಳಿದಳು.

"ಅದು ಸಂಸಾರಸ್ಥರ ಮನೆ. ಮಕ್ಕಳಿರೋರಿಗೆ ಮೀಸಲು," ಅಂದ ಕಾರ್ವಿಲ್.

"ಎದುರಿನದು?"

"ಅದೂ ಹಾಗೇ."

"ನಂಗೆ ಮಹಡಿ ಬೇಡ. ಅವರ ಕಲ್ಲಿದ್ದಲು ಕೊಟ್ಟಿಗೆ ಕೊಡಿ, ಅಲ್ಲೇ ಇರ್ತೀನಿ."

"ಮಿಸೆಸ್ ಗೌಲಂಡ್, ತಮಾಷೆ ಮಾಡ್ತೀರಿ."

"ನನ್ನ ಮುಖ ನೋಡಿ ಹೇಳಿ, ತಮಾಷೆ ಮಾಡ್ತಿದೀನಾ?"

ಅವನು ಮುಖ ನೋಡಲಿಲ್ಲ. ನಕ್ಷೆ ನೋಡಿದ. ಒಬ್ಬರಿಗಾಗಿ ಒಂದು ಮನೆ ಬದಲಾಯಿಸಿದರೆ ನಾನೂರು ಮನೆ ಬದಲಾಯಿಸಬೇಕಾಗುತ್ತದೆ ಎಂದು ಮೃದುವಾಗಿ ವಿವರಿಸಿದ. ಹನ್ನೊಂದು ನಿಮಿಷ ಅವರ ಲೆಕ್ಕದಲ್ಲಿ ನೆರೆಹೊರೆಯೇ. ಹದಿನೈದರವರೆಗೂ ನೆರೆಹೊರೆಯಂತೆ.

ಅತ್ತೆ ಸಹಿ ಹಾಕುವುದಿಲ್ಲ ಎಂದು ಬಂದಳು. ಮೂರು ವಾರ ಹಾಗೇ ಇದ್ದಳು. ಇಡೀ ಸಾಲು ಅವಳ ಬೆನ್ನಿಗೆ ನಿಂತಿತು ಅಂದುಕೊಂಡರೆ ತಪ್ಪು. ಬಿಸಿನೀರಿನ ನಲ್ಲಿ ಎಲ್ಲರಿಗೂ ಬೇಕಿತ್ತು. ಅಂಗಡಿಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಕೊನೆಗೆ ಬಂದವಳು ಎಡ್ನಾ. ಸಲಾಕೆ ಹೊಡೆಯದೆ, ಮುಂಬಾಗಿಲಿಂದ, ಹೊರಗಿನವಳ ಹಾಗೆ ಬಂದಳು.

"ಸಹಿ ಹಾಕೇ ಹಿಲ್ಡಾ."

"ಹುಚ್ಚು ಹಿಡಿದಿದೆಯಾ ನಿಂಗೆ? ಯಾರಿಗೋಸ್ಕರ ನಾನು..."

"ಗೊತ್ತು ಕಣೇ ಯಾರಿಗೋಸ್ಕರ ಅಂತ. ಹೋದ ಚಳಿಗಾಲ ಅವನು ಕಕ್ಕಸಿಗೆ ಅಂಗಳ ದಾಟೋಕೆ ಎಷ್ಟು ಸಲ ಗೋಡೆ ಹಿಡ್ಕೊಂಡು ನಿಂತ, ಎಣಿಸಿದೀಯಾ? ನಾನು ಎಣಿಸಿದೀನಿ. ಗೋಡೆ ಮೇಲೆಲ್ಲ ಬೂಷ್ಟು. ಅವನು ಉಸಿರಾಡೋದೇ ಅದನ್ನ. ಅಲ್ಲಿ ಒಣಗಿರತ್ತೆ. ಬೆಚ್ಚಗಿರತ್ತೆ. ಅಲ್ಲಿ ಅವನಿಗೆ ಉಸಿರು ಕಟ್ಟೋದೇ ಕಮ್ಮಿ ಆಗಬಹುದು."

"ಆಗದೆ ಇದ್ರೆ?"

ಎಡ್ನಾ ಬಂದ ಮುಂಬಾಗಿಲಿಂದಲೇ ಹೊರಟಳು. ಅತ್ತೆ ಆ ಸಂಜೆಯೇ ಸಹಿ ಹಾಕಿದಳು. ಆ ಸಹಿಗೆ ಅವಳು ಇವತ್ತಿಗೂ ತನ್ನನ್ನು ಬೈದುಕೊಳ್ಳುತ್ತಾಳೆ. ಎಡ್ನಾಳನ್ನು ಒಂದು ದಿನವೂ ಬೈದಿಲ್ಲ.

ಅಕ್ಟೋಬರಿನಲ್ಲಿ ಲಾರಿಗಳು ಬಂದವು. ಮುಂದಿನ ಸಾಲಿನ ಒಂದು ತುದಿಯಲ್ಲಿ ಮಂಚ ಹೊರಗೆ ಬರುತ್ತಿದ್ದಾಗಲೇ ಇನ್ನೊಂದು ತುದಿಯಲ್ಲಿ ಕೂಲಿಯವರು ಏಣಿ ಹಾಕಿ ಛಾವಣಿಯ ಹಂಚುಕಲ್ಲು ಕೀಳುತ್ತಿದ್ದರು, ಯಾರೂ ಮನಸ್ಸು ಬದಲಾಯಿಸಿ ವಾಪಸ್ಸು ಬರದ ಹಾಗೆ. ಎರಡನೆಯ ಮನೆಯ ಅಜ್ಜಿ ಇನ್ನೂ ಒಳಗೆ ತಟ್ಟೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಅವಳ ತಲೆಯ ಮೇಲೆ ಆಕಾಶ ಕಂಡಿತು. "ಐದು ನಿಮಿಷ ತಡ್ಕೊಳ್ರೋ, ನಿಮ್ಮಜ್ಜಿ ಬಟ್ಟೆ ಬದಲಾಯಿಸೋವಾಗ್ಲೂ ಹೀಗೇ ಮಾಡ್ತೀರಾ?" ಅಂತ ಅವಳು ಮೇಲಕ್ಕೆ ಕೂಗಿದಳು. ಎಲ್ಲರೂ ನಕ್ಕರು. ಆ ನಗು ನೆನೆದರೆ ನನಗೆ ಈಗ ಮೈ ಉರಿಯುತ್ತದೆ.

ಹಾಲ್‌ಗಾರ್ತ್‌ನಲ್ಲಿ ಎಡ್ನಾಳ ಮನೆ ನಿಜಕ್ಕೂ ಬೆಚ್ಚಗಿತ್ತು. ವಿದ್ಯುತ್ ಹೀಟರು. ಅಗ್ಗಿಷ್ಟಿಕೆ ಇಲ್ಲ, ಕೆದಕಲು ಬೆಂಕಿ ಇಲ್ಲ, ಆದರೂ ಸಲಾಕೆಯನ್ನು ಎಸೆಯಲು ಮನಸ್ಸಾಗದೆ ಅವಳು ಅದನ್ನು ಉಜ್ಜಿ ಗೋಡೆಗೆ ಒರಗಿಸಿಟ್ಟಿದ್ದಳು. ರಾಲ್ಫ್ ಕಿಟಕಿಯ ಹತ್ತಿರ ಕೂತು ಹುಲ್ಲು ನೋಡುತ್ತಿದ್ದ. ಅತ್ತೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ಊಟದವರೆಗೆ ಇರುತ್ತಿದ್ದಳು, ಸಂಜೆ ಮತ್ತೆ ಬರುತ್ತಿದ್ದಳು. ಹೊಸ ಮನೆಗೆ ಬಂದ ಮೊದಲ ಮೂರು ವಾರದಲ್ಲಿ ಎರಡು ಸಲ ಅವನಿಗೆ ಉಸಿರು ಕಟ್ಟಿತು. ಎರಡು ಸಲವೂ ಅವಳು ಅಲ್ಲೇ ಇದ್ದಳು.

"ನೋಡಿದ್ಯಾ? ನಿನ್ನ ಕಂಡ್ರೇನೇ ನಂಗೆ ಉಸಿರು ಕಟ್ಟೋದು," ಅಂದ ರಾಲ್ಫ್. "ನೀನು ಬರದೆ ಇದ್ರೆ ನೂರು ವರ್ಷ ಇರ್ತೀನಿ."

ನವೆಂಬರಿನ ಎರಡನೆಯ ವಾರ ಅತ್ತೆಗೆ ಕಚೇರಿಯಿಂದ ಪತ್ರ ಬಂತು. ಮಹಡಿಮನೆಯ ಗೋಡೆಯ ಬಿರುಕು ಪರೀಕ್ಷಿಸಲು ಮಂಗಳವಾರ ಸಿಬ್ಬಂದಿ ಬರುತ್ತಾರೆ. ಬಾಡಿಗೆದಾರರು ಹತ್ತರಿಂದ ಹನ್ನೆರಡು ಗಂಟೆಯವರೆಗೆ ಮನೆಯಲ್ಲೇ ಇರತಕ್ಕದ್ದು. ಅತ್ತೆ ಮನೆಯಲ್ಲೇ ಇದ್ದಳು. ಹನ್ನೆರಡಾಯಿತು. ಯಾರೂ ಬರಲಿಲ್ಲ. ಅವಳು ಕೋಟು ಹಾಕಿಕೊಂಡು ಸೀಡರ್ ಬೀದಿಗೆ ನಡೆದಳು.

ರಾಲ್ಫ್ ನೆಲದ ಮೇಲಿದ್ದ. ಎಡ್ನಾ ಅವನ ಹಿಂದೆ ಕೂತು, ಅವನ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು, ಹಿತ್ತಿಲ ಬಾಗಿಲನ್ನೇ ನೋಡುತ್ತಿದ್ದಳು. ಅತ್ತೆ ಬಂದದ್ದು ಮುಂಬಾಗಿಲಿಂದ. ಎಡ್ನಾ ತಿರುಗಲಿಲ್ಲ. ಸಲಾಕೆ ಪಕ್ಕದಲ್ಲಿ ಬಿದ್ದಿತ್ತು. ಗೋಡೆಯ ಹೊಸ ಹೂವಿನ ಕಾಗದ ಹರಿದು ಒಳಗಿನ ಸುಣ್ಣ ಉದುರಿತ್ತು.

"ಬಡಿದೆ ಹಿಲ್ಡಾ," ಅಂದಳು. "ಬಡಿದೆ. ಆ ಕಡೆ ರೇಡಿಯೋ ಹಾಡ್ತಾ ಇತ್ತು. ನಾನು ಬಡಿದ ಕೂಡಲೇ ಸಣ್ಣಗಾಯ್ತು. ಮತ್ತೆ ಬಡಿದೆ. ಪೂರ್ತಿ ನಿಂತೋಯ್ತು. ಸರಿ, ಕೇಳಿಸ್ತು, ಬರ್ತಿದಾಳೆ ಅಂದ್ಕೊಂಡೆ. ಅವನಿಗೂ ಹೇಳ್ದೆ, ಬರ್ತಿದಾರೆ ಕಣೋ, ತಡ್ಕೋ ಅಂತ. ಇಬ್ರೂ ಕಾಯ್ತಾ ಕೂತ್ವಿ."

ಅತ್ತೆ ರಾಲ್ಫನ ಕಣ್ಣು ಮುಚ್ಚಿದಳು. ಎಡ್ನಾಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಸಲಾಕೆ ಕೈಗೆತ್ತಿಕೊಂಡು ಹೊರಗೆ ಹೋಗಿ ಪಕ್ಕದ ಮನೆಯ ಬಾಗಿಲು ಗುದ್ದಿದಳು. ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಕೇಳಿದ್ದೇನೆ. "ಅವಳ ಹಲ್ಲು ಉದುರಿಸೋಕೆ ಹೋದೆ," ಅಂದಳು ಸರಳವಾಗಿ.

ಬಾಗಿಲು ತೆಗೆದವಳು ಡೊರೀನ್. ಇಪ್ಪತ್ಮೂರು ವರ್ಷ, ಕಂಕುಳಲ್ಲಿ ಹಸುಗೂಸು, ಬೇರೆ ಪಟ್ಟಣದಿಂದ ಬಂದವಳು. ಸಲಾಕೆ ಹಿಡಿದ ಹೆಂಗಸನ್ನು ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕ್ಷಮಿಸಿ ಅಮ್ಮಾ," ಅಂದಳು ಅವಳೇ ಮೊದಲು. "ರೇಡಿಯೋ ಅಷ್ಟು ಜೋರಾಗಿದೆ ಅಂತ ನಂಗೆ ಗೊತ್ತಾಗ್ಲಿಲ್ಲ. ಅವರು ಬಡಿದ ತಕ್ಷಣ ಆರಿಸ್ಬಿಟ್ಟೆ. ಮಗೂನೂ ಎತ್ಕೊಂಡೆ, ಅತ್ತು ತೊಂದ್ರೆ ಆಗ್ಬಾರ್ದು ಅಂತ. ಆವಾಗ್ಲಿಂದ ಉಸಿರು ಬಿಗಿಹಿಡ್ಕೊಂಡು ಕೂತಿದೀನಿ. ಆ ಕಡೆ ಹುಷಾರಿಲ್ಲದೋರು ಇದಾರೆ ಅಂತ ಗೊತ್ತು. ಅವರಿಗೆ ಸಿಟ್ಟು ಬಂದಿದೆಯಾ?"

ಅತ್ತೆ ಸಲಾಕೆಯನ್ನು ಕೆಳಗಿಳಿಸಿದಳು. ಡೊರೀನ್ ಬೆಳೆದ ಕಡೆ ಗೋಡೆ ಬಡಿದರೆ ಗಲಾಟೆ ಕಮ್ಮಿ ಮಾಡಿ ಅಂತ ಅರ್ಥ. ಅವಳು ಒಳ್ಳೆಯ ನೆರೆಯವಳು ಮಾಡುವುದನ್ನೇ ಮಾಡಿದ್ದಳು. ಒಂದು ಕಡೆ ಒಬ್ಬಳು ಬಾಗಿಲು ನೋಡುತ್ತ, ಇನ್ನೊಂದು ಕಡೆ ಒಬ್ಬಳು ಸದ್ದು ಮಾಡದೆ, ನಡುವೆ ನಾಲ್ಕೂವರೆ ಇಂಚು ಗೋಡೆ. ಇಬ್ಬರೂ ಉಪಕಾರವನ್ನೇ ಬಗೆಯುತ್ತ ಕೂತಿದ್ದರು. ಮಧ್ಯೆ ರಾಲ್ಫ್ ಹೋಗಿಬಿಟ್ಟ.

"ಇಲ್ಲ ಮಗಳೇ," ಅಂದಳು ಅತ್ತೆ. "ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ."

ಗಣಿಯ ಧೂಳಿನಿಂದ ಸತ್ತವರಿಗೆಲ್ಲ ವಿಚಾರಣೆ ನಡೆಯುತ್ತದೆ. ರಾಲ್ಫನದೂ ನಡೆಯಿತು, ಎರಡು ವಾರದ ನಂತರ, ಪಟ್ಟಣದ ಒಂದು ಕೋಣೆಯಲ್ಲಿ. ನಾನು ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ವಿಚಾರಣಾಧಿಕಾರಿ ಎಡ್ನಾಳನ್ನು ಕೇಳಿದರು:

"ನಿಮ್ಮ ಬೀದಿಯ ತುದಿಯಲ್ಲಿ ಸಾರ್ವಜನಿಕ ಟೆಲಿಫೋನ್ ಇತ್ತಲ್ಲವೇ?"

"ಇತ್ತು ಸಾರ್."

"ನೂರೈವತ್ತು ಗಜ. ಯಾಕೆ ಹೋಗಲಿಲ್ಲ?"

"ಬಡಿದೆ ಸಾರ್."

"ಏನನ್ನ?"

"ಗೋಡೇನ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಎಡ್ನಾ ತನ್ನ ಕರಿಯ ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಿದ್ದಳು. ಜನ್ಮದಲ್ಲಿ ಟೆಲಿಫೋನು ಮುಟ್ಟದವಳು. ಬಿಟ್ಟು ಹೋದರೆ ಗಂಡ ನೆಲಕ್ಕೆ ಮಕಾಡೆ ಬೀಳುತ್ತಾನೆ ಎಂದು ಗೊತ್ತಿದ್ದವಳು. ಅದನ್ನು ಹೇಳಲು ಅವಳಿಗೆ ತೋಚಲಿಲ್ಲ, ಅವರು ಕೇಳಲೂ ಇಲ್ಲ. ಗುಮಾಸ್ತ ಬರೆದುಕೊಂಡದ್ದನ್ನು ಓದಿ ಹೇಳಿದ: ರೋಗದಿಂದ ಮರಣ, ನೆರವು ಕೋರುವಲ್ಲಿ ಪತ್ನಿಯಿಂದ ವಿಳಂಬ.

ಅತ್ತೆ ಎದ್ದು ನಿಂತಳು.

"ಅವಳು ವಿಳಂಬ ಮಾಡ್ಲಿಲ್ಲ."

"ದಯವಿಟ್ಟು ಕೂತ್ಕೊಳ್ಳಿ."

"ಮೂವತ್ತೊಂದು ವರ್ಷ ಅವಳು ಬಡಿದಾಗೆಲ್ಲ ನಾನು ಹೋಗಿದೀನಿ. ಈ ಸಲವೂ ಅವಳು ಸರಿಯಾದ ಹೊತ್ತಿಗೇ ಬಡಿದ್ಲು. ಅವಳ ಕೈಗೂ ನನ್ನ ಕಾಲಿಗೂ ಮಧ್ಯೆ ಹನ್ನೊಂದು ನಿಮಿಷ ತಂದಿಟ್ಟವರು ಯಾರು? ಮೊದಲೇ ಹೇಳಿದ್ದೆ. ಕಚೇರಿಗೆ ಹೋಗಿ, ಗಡಿಯಾರ ಹಿಡ್ಕೊಂಡು ಹೇಳಿದ್ದೆ. ಅವರು ಸ್ವಾರಸ್ಯಕರ ಅಂತ ಬರ್ಕೊಂಡ್ರು. ನೀವು ವಿಳಂಬ ಅಂತ ಬರ್ಕೊಂಡ್ರಿ. ನಿಮ್ಮಲ್ಲಿ ಒಬ್ಬರಿಗಾದ್ರೂ ಬರೆಯೋಕೆ ಬರತ್ತಾ?"

ಅವಳನ್ನು ಹೊರಗೆ ಕರೆದುಕೊಂಡು ಹೋದರು. ಆ ಮಾತು ಯಾವ ಕಡತದಲ್ಲೂ ಇಲ್ಲ. ಎಡ್ನಾಳ ವಿಳಂಬ ಇದೆ, ಮೊಹರಿನೊಂದಿಗೆ.

ಆ ವಾರವೇ ಅತ್ತೆ ತನ್ನ ಹಾಸಿಗೆಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಎಡ್ನಾಳ ಮನೆಗೆ ಬಂದು ಸೇರಿದಳು. ಅನುಮತಿ ಇಲ್ಲದ ವಾಸ ಎಂದು ಪತ್ರ ಬಂತು. ಎರಡನೆಯದೂ ಬಂತು. ಅವುಗಳನ್ನು ಏನು ಮಾಡಿದಳೋ ಗೊತ್ತಿಲ್ಲ, ಆ ಮನೆಯಲ್ಲಿ ಸುಡಲು ಒಲೆಯೂ ಇರಲಿಲ್ಲ. ಆದರೆ ಒಂದು ಮನೆಯೊಳಗೆ ಇಬ್ಬರು ಹೆಂಗಸರು ಇರುವುದು ಅವಳ ಸಿಟ್ಟಿಗೆ ಸಾಕಾಗಲಿಲ್ಲ. ಹಿಂದಿನ ಸಾಲು ಇನ್ನೂ ಕ್ರೋಹೋಪ್‌ನಲ್ಲೇ ಇತ್ತು. ಮೂವತ್ತೊಂದು ಮನೆ. ವಸಂತದಲ್ಲಿ ಅವರ ಸರದಿ.

ಆ ಚಳಿಗಾಲವೆಲ್ಲ ಅತ್ತೆ ಗುರುವಾರದ ಬಸ್ಸಿಗೆ ಊರಿಗೆ ಹೋದಳು. ಮುಂದಿನ ಸಾಲು ಇದ್ದಲ್ಲಿ ಇಟ್ಟಿಗೆಯ ಗುಪ್ಪೆಗಳ ಮೇಲೆ ಹಿಮ ಕೂತಿತ್ತು. ಅದನ್ನು ದಾಟಿ ಹೋಗಿ ಒಂದೊಂದು ಮನೆಯಲ್ಲೂ ಕೂತು ರಾಲ್ಫ್ ಸತ್ತದ್ದು ಹೇಗೆ ಎಂದು ಹೇಳಿದಳು. ಜಾಸ್ತಿ ಹೇಳಲಿಲ್ಲ. ರೇಡಿಯೋದ ತನಕ ಹೇಳಿ ನಿಲ್ಲಿಸುತ್ತಿದ್ದಳು. ಯಾರ ಪಕ್ಕ ಯಾರು ಎಂದು ಒಂದು ಪಟ್ಟಿ ಬರೆದಳು.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಕಾರ್ವಿಲ್ ಪ್ರಾರ್ಥನಾಮಂದಿರಕ್ಕೆ ಸಹಿಗಾಗಿ ಬಂದಾಗ ಬೆಂಚುಗಳೆಲ್ಲ ತುಂಬಿದ್ದವು. ಅವನು ಮಾತಾಡಿ ಮುಗಿಸಿ ಪೆನ್ನು ಮುಂದೆ ಚಾಚಿದ. ಯಾರೂ ಏಳಲಿಲ್ಲ. ಆಮೇಲೆ ಇಪ್ಪತ್ತೆರಡನೆಯ ಮನೆಯ ಮುದುಕ ಜಾರ್ಜ್ ಕೆಲ್ ಊರುಗೋಲು ಊರಿ ಎದ್ದ.

"ಈ ಪಕ್ಕದಲ್ಲಿ ಕೂತಿದಾನಲ್ಲ ಲೋಸ್, ಇವನ ಮುಖ ಕಂಡ್ರೆ ನಂಗಾಗಲ್ಲ. ಇಪ್ಪತ್ತು ವರ್ಷ ಆಯ್ತು ಮಾತು ಬಿಟ್ಟು."

"ಇಪ್ಪತ್ತೊಂದು," ಅಂದ ಲೋಸ್ ಮುಂದೆ ನೋಡುತ್ತಲೇ.

"ಇಪ್ಪತ್ತೊಂದು. ಆದ್ರೂ ಬರ್ಕೊಳ್ಳಿ ಸ್ವಾಮಿ: ಇವನ ಪಕ್ಕದ ಮನೇನೇ ಬೇಕು. ನಾನು ಬೆಳಿಗ್ಗೆ ಎದ್ದು ಕೆಮ್ಮದೆ ಇದ್ರೆ ಇವನು ಬಂದು ನೋಡ್ತಾನೆ."

"ಬೈಯೋಕೆ ಬರ್ತೀನಿ," ಅಂದ ಲೋಸ್.

ನಗು ಎದ್ದಿತು. ಅತ್ತೆ ನಗಲಿಲ್ಲ. ಪಟ್ಟಿಯನ್ನು ಕಾರ್ವಿಲ್‌ನ ಮುಂದಿಟ್ಟಳು.

"ಇದು ನಿಮ್ಮ ಕಾಗದದ ಮೇಲೆ ಬರಬೇಕು. ಇದೇ ಕ್ರಮ, ಒಂದೂ ಹೆಚ್ಚುಕಮ್ಮಿ ಇಲ್ಲದ ಹಾಗೆ. ಬಂದ್ರೆ ನಾಳೆಯೇ ಸಹಿ."

"ಇದು ಸಾಧ್ಯವಿಲ್ಲ, ಮಿಸೆಸ್ ಗೌಲಂಡ್. ನಿಮಗೇ ಗೊತ್ತು."

"ಹಾಗಾದ್ರೆ ಸಾಧ್ಯ ಆದಾಗ ಬನ್ನಿ."

ಅವನು ಪೆನ್ನಿನ ಮುಚ್ಚಳ ಹಾಕಿದ. ಕಚೇರಿ ಮತ್ತೆ ಬರಲಿಲ್ಲ. ಹಟಕ್ಕೋ, ಆಲಸ್ಯಕ್ಕೋ, ಹೇಳುವುದು ಕಷ್ಟ. ಹಿಂದಿನ ಸಾಲು ಈಗಲೂ ಅಲ್ಲೇ ಇದೆ, ಬೂದು ಚುಕ್ಕೆಯ ಊರಾಗಿಯೇ. ಚರಂಡಿ ಇಲ್ಲ. ಕೆಟ್ಟ ಬೀದಿದೀಪ ರಿಪೇರಿಯಾಗುವುದಿಲ್ಲ. ಕಕ್ಕಸು ಅಂಗಳದ ಆಚೆ. ಇದನ್ನು ಗೆಲುವು ಎಂದು ಯಾರಾದರೂ ಅಂದರೆ ಅತ್ತೆ ಕೆರಳುತ್ತಾಳೆ. "ಬಿಸಿನೀರೂ ಕೊಟ್ಟು, ಪಕ್ಕದವರನ್ನೂ ಕೊಡೋಕೆ ಅವರಿಗೆ ಆಗ್ತಿರಲಿಲ್ವಾ? ಒಂದು ಪಟ್ಟಿ. ಒಂದೇ ಒಂದು ಕಾಗದ. ಎರಡರಲ್ಲಿ ಒಂದು ಆರಿಸ್ಕೋ ಅಂದ್ರು, ನಾವೂ ಆರಿಸ್ಕೊಂಡ್ವಿ, ಪೆದ್ದರ ಹಾಗೆ."

ಎಡ್ನಾ ಹೆಚ್ಚು ಮಾತಾಡುವುದಿಲ್ಲ. ಡೊರೀನಳ ಮಗು ಈಗ ಶಾಲೆಗೆ ಹೋಗುತ್ತದೆ. ಅದು ಹಿತ್ತಿಲಿಂದ ಬಂದು ಅವಳ ಮಡಿಲಲ್ಲಿ ಕೂತು ಬಿಸ್ಕತ್ತು ತಿನ್ನುತ್ತದೆ. ಡೊರೀನ್ ಅವತ್ತಿನಿಂದ ಹಗಲು ಹೊತ್ತು ರೇಡಿಯೋ ಹಾಕಿಲ್ಲ. ಹಾಕು ಅಂತ ಎಡ್ನಾ ಎಷ್ಟು ಸಲ ಹೇಳಿದರೂ ಹಾಕುವುದಿಲ್ಲ.

ಹೋದ ತಿಂಗಳು ರಜೆಗೆ ಬಂದಾಗ ಅತ್ತೆಯ ಜೊತೆ ಗುರುವಾರದ ಬಸ್ಸಿನಲ್ಲಿ ಹೋದೆ. ನಡುದಾರಿಯಲ್ಲಿ ಕಾರ್ವಿಲ್ ಹತ್ತಿದ. ತಲೆ ಬೆಳ್ಳಗಾಗಿದೆ. ನಮ್ಮ ಮುಂದಿನ ಸೀಟು ಖಾಲಿ ಇತ್ತು. ಕೂರುವ ಮೊದಲು ಟೋಪಿ ತೆಗೆದು, "ನಮಸ್ಕಾರ ಮಿಸೆಸ್ ಗೌಲಂಡ್, ಚೆನ್ನಾಗಿದೀರಾ?" ಅಂದ. ಅತ್ತೆ ಕಿಟಕಿಯ ಹೊರಗೆ ನೋಡಿದಳು. ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡೇ ಹಿಂದಿನ ಸೀಟಿಗೆ ಹೋದ.

ಇಳಿದ ಮೇಲೆ ನಾನು ತಡೆಯಲಾರದೆ ಕೇಳಿದೆ.

"ಆರು ವರ್ಷ ಆಯ್ತಲ್ಲ ಅತ್ತೆ. ಕ್ಷಮಿಸಬಾರದಾ?"

"ಅವನು ತಪ್ಪಾಯ್ತು ಅಂದ್ನಾ?"

"ಇಲ್ಲ."

"ಚೆನ್ನಾಗಿದೀರಾ ಅಂದ," ಅಂದಳು ಅತ್ತೆ. ಕೈಚೀಲವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಇಟ್ಟಿಗೆಗಳ ನಡುವೆ ಬೆಳೆದ ತುರಿಕೆಗಿಡಗಳನ್ನು ಬೂಟಿನಿಂದ ಬದಿಗೊತ್ತುತ್ತ ಹಿಂದಿನ ಸಾಲಿನ ಕಡೆಗೆ ನಡೆದಳು.